ಊರು ಬೇರೆ, ಭಾಷೆ ಬೇರೆ: ಯಾವ ಮಾತಿನಿಂದ ಶುರು ಮಾಡೋದು?

ಪ್ರಶ್ನೆ: ನಾನು ಧಾರವಾಡ ಜಿಲ್ಲೆಯವನು, ಬ್ಯಾಂಕ್ ನೌಕರ. ಹೋದ ವರ್ಷ ದಕ್ಷಿಣ ಕನ್ನಡದ ಒಂದು ಸಣ್ಣ ಊರಿನ ಶಾಖೆಗೆ ವರ್ಗವಾಗಿ ಬಂದೆ. ಕೌಂಟರಿಗೆ ಬರುವವರು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮಾತಾಡುವವರು. ಎಲ್ಲರಿಗೂ ಕನ್ನಡ ಬರುತ್ತದೆ. ಆದರೂ ನಡುವೆ ಏನೋ ಒಂದು ಗೋಡೆ ಇದ್ದ ಹಾಗಿದೆ. ಒಮ್ಮೆ ವಯಸ್ಸಾದ ಒಬ್ಬ ಬ್ಯಾರಿ (ಇಲ್ಲಿಯ ಕರಾವಳಿಯ ಮುಸ್ಲಿಂ ಸಮುದಾಯ) ಹೆಂಗಸಿಗೆ ನಮ್ಮೂರ ರೂಢಿಯಂತೆ ‘ಯವ್ವಾ, ನೀ ಇಲ್ಲೆ ಕೂಡು’ ಅಂದೆ. ಜೊತೆಗಿದ್ದ ಮೊಮ್ಮಗ ಕೆಂಡವಾದ. ತರಬೇತಿಗಳಲ್ಲಿ ಸೌಹಾರ್ದ, ವೈವಿಧ್ಯ, ‘ನಾವೆಲ್ಲ ಒಂದೇ’ ಅಂತೆಲ್ಲ ಹೇಳಿಕೊಡುತ್ತಾರೆ. ಕೌಂಟರಿನಲ್ಲಿ ಅವು ಯಾವುದೂ ಕೆಲಸಕ್ಕೆ ಬರುತ್ತಿಲ್ಲ. ನೀವು ಭಾಷೆಯ ಪಾಠ ಮಾಡಿದವರು, ಬೇರೆ ಬೇರೆ ಕಡೆ ಇದ್ದು ಬಂದವರು. ನಿಜವಾಗಿ ಜನರನ್ನು ಹತ್ತಿರ ತರುವ ಮಾತುಗಳು ಯಾವುವು? ನನ್ನ ಧಾರವಾಡದ ಮಾತನ್ನು ಬಿಟ್ಟುಬಿಡಬೇಕಾ?

ಉತ್ತರ: ಮೊದಲು ಆ ಮೊಮ್ಮಗನ ಸಿಟ್ಟಿನ ವಿಷಯಕ್ಕೆ ಬರೋಣ. ಉಳಿದದ್ದೆಲ್ಲ ಅದರಲ್ಲೇ ಅಡಗಿದೆ.

ನಿಮ್ಮ ‘ನೀ’ಯಲ್ಲಿ ಮರ್ಯಾದೆ ಕಡಿಮೆ ಇರಲಿಲ್ಲ. ನಿಮ್ಮ ಕಡೆ ತಾಯಿಗೆ, ಅಜ್ಜಿಗೆ, ದೇವರಿಗೆ ‘ನೀ’ ಅನ್ನುವುದೇ ಪ್ರೀತಿ. ಬಸ್ಸಿನಲ್ಲಿ ಸಿಕ್ಕ ಗುರುತಿಲ್ಲದ ಮುದುಕಿಗೂ ‘ಯವ್ವಾ’ ಅಂದರೆ ಆಕೆ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾಳೆ. ಕರಾವಳಿಯಲ್ಲಿ ಲೆಕ್ಕ ಬೇರೆ. ಇಲ್ಲಿ ಪರಿಚಯವಿಲ್ಲದ ಹಿರಿಯರಿಗೆ ಏಕವಚನ ಹಾಕುವುದಿಲ್ಲ. ತುಳುವಿನಲ್ಲಂತೂ ಇದಕ್ಕೆ ಮೂರು ರೂಪ ಇವೆ: ಸಲಿಗೆಯವರಿಗೆ ‘ಈ’, ಹಲವರಿಗೆ ‘ನಿಕುಲು’, ಮರ್ಯಾದೆ ಕೊಡಬೇಕಾದವರಿಗೆ ‘ಈರ್’. ಇಂಥ ಮಾತಿನ ನಡುವೆ ಬೆಳೆದ ಹುಡುಗನ ಕಿವಿಗೆ ನಿಮ್ಮ ‘ನೀ’ ಸೀದಾ ಬೈಗುಳದ ಹಾಗೆ ಬಡಿದಿರುತ್ತದೆ.

ಅಷ್ಟೇ ಆಗಿದ್ದರೆ ಇದು ಬರೀ ಪ್ರಾದೇಶಿಕ ರೂಢಿಯ ವಿಷಯ. ಆದರೆ ಅದಕ್ಕಿಂತ ಜಾಸ್ತಿ ಇದೆ. 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಇಬ್ಬರು ವಿದ್ವಾಂಸರು ಯುರೋಪಿನ ಭಾಷೆಗಳಲ್ಲಿ ‘ನೀನು’ ಮತ್ತು ‘ನೀವು’ ಹೇಗೆ ಓಡಾಡುತ್ತವೆ ಅಂತ ನೋಡಿ ಒಂದು ಲೇಖನ ಬರೆದರು. ಭಾಷಾಶಾಸ್ತ್ರದ ತರಗತಿಗಳಲ್ಲಿ ಇವತ್ತಿಗೂ ಅದನ್ನು ಓದಿಸುತ್ತಾರೆ. ಅವರು ಕಂಡದ್ದು ಇಷ್ಟು: ‘ನೀನು’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಒಂದು ಸಲಿಗೆ ತೋರಿಸುವುದು, ಇನ್ನೊಂದು ಅಧಿಕಾರ ತೋರಿಸುವುದು. ಇಬ್ಬರೂ ಒಬ್ಬರಿಗೊಬ್ಬರು ‘ನೀನು’ ಅಂದರೆ ಅದು ಸಲಿಗೆ. ಒಬ್ಬರು ಮಾತ್ರ ಅನ್ನಬಹುದು, ಇನ್ನೊಬ್ಬರು ತಿರುಗಿ ಅನ್ನುವಂತಿಲ್ಲ ಅಂದರೆ ಅದು ಅಧಿಕಾರ.

ಈಗ ನಿಮ್ಮ ಕೌಂಟರನ್ನು ನೋಡಿ. ನೀವು ಒಳಗೆ ಕೂತಿದ್ದೀರಿ. ಮುದ್ರೆ ನಿಮ್ಮ ಕೈಯಲ್ಲಿ, ಕಂಪ್ಯೂಟರ್ ನಿಮ್ಮ ಕಡೆ ತಿರುಗಿದೆ, ಆಕೆಯ ದುಡ್ಡು ನಿಮ್ಮ ಬ್ಯಾಂಕಿನಲ್ಲಿದೆ. ಆಕೆ ನಿಮಗೆ ತಿರುಗಿ ‘ನೀ ಸ್ವಲ್ಪ ಬೇಗ ಮಾಡು ತಮ್ಮಾ’ ಅನ್ನುವ ಹಾಗಿದೆಯಾ? ನಿಮ್ಮೂರಲ್ಲಿ ಇದೆ, ಅಲ್ಲಿಯ ಅಜ್ಜಿಯರು ಮ್ಯಾನೇಜರಿಗೂ ಅಂದುಬಿಡುತ್ತಾರೆ. ಇಲ್ಲಿ ಇಲ್ಲ. ಹಾಗಾಗಿ ನೀವು ಸಲಿಗೆಯಿಂದ ಆಡಿದ ಮಾತು ಆ ಹುಡುಗನಿಗೆ ಅಧಿಕಾರವಾಗಿ ಕೇಳಿಸಿತು.

ಇಷ್ಟು ವರ್ಷ ಬೇರೆ ಬೇರೆ ಜನರ ನಡುವೆ ಮಾತು ಕೇಳಿಸಿಕೊಂಡು ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಒಂದೇ. ಮಾತು ಸಿಹಿಯಾಗಿದೆ ಅನ್ನುವುದರಿಂದ ಜನ ಹತ್ತಿರ ಬರುವುದಿಲ್ಲ. ಎದುರಿಗಿರುವವರ ಕೈಗೆ ಏನನ್ನಾದರೂ ಕೊಡುವ ಮಾತಿನಿಂದ ಬರುತ್ತಾರೆ. ‘ಬೇಡ’ ಅನ್ನುವ ಅವಕಾಶ, ಆರಿಸಿಕೊಳ್ಳುವ ಅವಕಾಶ, ನಮ್ಮನ್ನು ತಿದ್ದುವ ಅವಕಾಶ, ಇಂಥದ್ದು ಏನಾದರೂ. ಸೌಹಾರ್ದ ಎಂಬ ಪದ ಯಾರ ಕೈಗೂ ಏನನ್ನೂ ಕೊಡುವುದಿಲ್ಲ, ಹಾಗಾಗಿಯೇ ನಿಮಗೆ ಅದು ಕೌಂಟರಿನಲ್ಲಿ ಕೆಲಸಕ್ಕೆ ಬಂದಿಲ್ಲ.

‘ನೀವು’ ಎಂಬುದನ್ನೇ ತೆಗೆದುಕೊಳ್ಳಿ. ಕೋಟು ಹಾಕಿಕೊಂಡು ಬಂದವರಿಗೆ ಎಲ್ಲರೂ ‘ನೀವು’ ಅನ್ನುತ್ತಾರೆ, ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ನಿಮ್ಮ ಶಾಖೆಯಲ್ಲಿ ಬೆಳಿಗ್ಗೆ ಕಸ ಗುಡಿಸುವವರಿಗೆ, ಚಹಾ ತರುವ ಹುಡುಗನಿಗೆ, ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವರಿಗೆ ಏನನ್ನುತ್ತೀರಿ? ನಮ್ಮ ಎಷ್ಟೋ ಹಳ್ಳಿಗಳಲ್ಲಿ ಎಪ್ಪತ್ತು ವರ್ಷದ ದಲಿತ ಹಿರಿಯರನ್ನು ಮೇಲ್ಜಾತಿಯ ಪುಟ್ಟ ಹುಡುಗ ಏಕವಚನದಲ್ಲಿ ಕೂಗುತ್ತಿದ್ದುದು ಹಳೆಯ ಕಾಲದ ಕತೆಯಲ್ಲ. ಆ ನೆನಪು ಇರುವ ಮನೆಯಿಂದ ಬಂದವರಿಗೆ ಒಂದು ‘ನೀವು’, ಒಂದು ‘ಬನ್ನಿ’ ಎಷ್ಟು ದೊಡ್ಡದು ಅಂತ ಅದು ಹುಟ್ಟಿನಿಂದಲೇ ಸಿಕ್ಕಿದವರಿಗೆ ಅರ್ಥವಾಗುವುದು ಕಷ್ಟ.

ನಾನು ಮೈಸೂರಿನಲ್ಲಿ ಪಾಠ ಮಾಡುತ್ತಿದ್ದ ಕಾಲೇಜಿನ ಆಫೀಸಿನಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ಪ್ರಿನ್ಸಿಪಾಲರಿಗೂ ‘ಬನ್ನಿ’, ಗುಡಿಸುವ ಹೆಂಗಸಿಗೂ ‘ಬನ್ನಿ’. ಹೊಗಳುವುದು, ನಗಿಸುವುದು ಯಾವುದೂ ಇಲ್ಲ, ಮುಖ ಸದಾ ಗಂಟು. ಆದರೂ ಆ ಹೆಂಗಸು ತನ್ನ ಮಗಳ ಸ್ಕಾಲರ್‌ಶಿಪ್ ಅರ್ಜಿ ಹಿಡಿದುಕೊಂಡು ಹೋದದ್ದು ಅವರ ಹತ್ತಿರ. ನಮ್ಮಂಥ ನಗುಮುಖದ ಮೇಷ್ಟರುಗಳ ಹತ್ತಿರ ಬರಲಿಲ್ಲ. ನಾನು ಕಾರಣ ಕೇಳಿದೆ. ‘ಅವರು ನನ್ನ ಕೇಳಿ ಕೆಲಸ ಹೇಳ್ತಾರೆ ಸಾರ್, ನೀವೆಲ್ಲ ಹೇಳಿ ಹೋಗ್ತೀರಿ’ ಅಂದಳು.

‘ಇದನ್ನ ಮೇಲಿಡ್ತೀರಾ?’ ಮತ್ತು ‘ಇದನ್ನ ಮೇಲಿಡು’ ಎರಡರಲ್ಲೂ ಕೆಲಸ ಒಂದೇ. ಮೊದಲನೆಯದರಲ್ಲಿ ಪ್ರಶ್ನೆ ಇದೆ. ಅದಕ್ಕೆ ‘ಈಗ ಆಗಲ್ಲ, ಆಮೇಲೆ’ ಅಂತ ಉತ್ತರ ಕೊಡಬಹುದು. ಕೊಡದೇ ಇದ್ದರೂ ಪರವಾಗಿಲ್ಲ, ಕೊಡಬಹುದು ಅನ್ನುವುದು ಮುಖ್ಯ.

ಇನ್ನು ಅಣ್ಣ, ಅಕ್ಕ, ಅಮ್ಮ. ನೆಂಟಸ್ತಿಕೆಯ ಪದಗಳನ್ನು ಹೊರಗಿನವರಿಗೆ ಬಳಸುವುದು ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಒಂದು ವಚನದಲ್ಲಿ ಮಾದಾರ ಚೆನ್ನಯ್ಯನನ್ನು ಅಪ್ಪ ಅಂತಲೂ, ಕಿನ್ನರ ಬೊಮ್ಮಯ್ಯನನ್ನು ಅಣ್ಣ ಅಂತಲೂ ಕರೆದುಕೊಳ್ಳುತ್ತಾರೆ. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿ ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದವರು, ಚಪ್ಪಲಿ ಹೊಲಿಯುವ ಕುಲದವರನ್ನು ಅಪ್ಪ ಅಂದರು. ಇಲ್ಲಿ ಗಮನಿಸಬೇಕಾದ್ದು ದಿಕ್ಕು. ‘ಬಾ ಮಗನೇ’ ಅಂತ ಮೇಲಿನಿಂದ ಕರೆಯಲಿಲ್ಲ. ತಾವೇ ಮಗನ ಜಾಗಕ್ಕೆ ಇಳಿದರು. ಈಗಿನ ನಾಯಕರು ‘ಅವರೆಲ್ಲ ನನ್ನ ಮಕ್ಕಳಿದ್ದ ಹಾಗೆ’ ಅಂತ ಭಾಷಣ ಮಾಡುವುದಕ್ಕೂ ಇದಕ್ಕೂ ಎಷ್ಟು ದೂರ ಅಲ್ವಾ?

ಕರಾವಳಿಯಲ್ಲಿ ಒಂದು ಎಚ್ಚರ ಬೇಕು. ಇಲ್ಲಿ ಕ್ರೈಸ್ತ ಗಂಡಸರನ್ನು ತುಳುವಿನಲ್ಲಿ ‘ಪೊರ್ಬುಳೇ’ ಅಂತಲೂ ಹೆಂಗಸರನ್ನು ‘ಬಾಯಮ್ಮ’ ಅಂತಲೂ ಕರೆಯುವ ಹಳೆಯ ರೂಢಿ ಇದೆ. ಮುಸ್ಲಿಮರನ್ನು ‘ಸಾಬ್ರೇ’, ‘ಭಾಯ್’ ಅನ್ನುವುದು ರಾಜ್ಯದ ಎಲ್ಲಾ ಕಡೆ ಇದೆ. ಬೇಲಿಯ ಆಚೆ ಈಚೆ ಇದ್ದು ಮದುವೆ, ಸಾವು ಎಲ್ಲ ಒಟ್ಟಿಗೆ ಕಂಡ ನೆರೆಹೊರೆಯವರು ಹಾಗೆ ಕರೆದರೆ ಅದರಲ್ಲಿ ಪ್ರೀತಿ ಇರುತ್ತದೆ. ನಿನ್ನೆ ಬಂದ ಬ್ಯಾಂಕಿನವರು ಹಾಗೆ ಕರೆದರೆ ‘ನೀವು ಯಾರು ಅಂತ ನನಗೆ ಮೊದಲೇ ಗೊತ್ತಾಗಿದೆ’ ಅಂದ ಹಾಗೆ. ಉತ್ತರ ಭಾರತದ ಹುಡುಗರನ್ನೆಲ್ಲ ‘ಭಯ್ಯಾ’ ಅನ್ನುವುದೂ ಇದೇ ಜಾತಿಯದ್ದು. ನಿಮ್ಮ ಮನೆಯವರಿಗೆ ಯಾವ ಪದವೋ ಅದೇ ಪದ ಎಲ್ಲರಿಗೂ ಇರಲಿ. ಅಣ್ಣ ಅಂದರೆ ಎಲ್ಲರಿಗೂ ಅಣ್ಣ, ಅಮ್ಮ ಅಂದರೆ ಎಲ್ಲರಿಗೂ ಅಮ್ಮ. ತುಳುವರಿಗೂ ಅಣ್ಣ ಅಕ್ಕ ಚೆನ್ನಾಗಿಯೇ ಒಗ್ಗುತ್ತದೆ. ‘ಮಾರಾಯ್ರೇ’ ಅನ್ನುವ ಆಸೆ ನಿಮಗೆ ಬೇಗ ಬರುತ್ತದೆ, ಕೇಳಲು ಅಷ್ಟು ಚಂದ ಇದೆ. ಸ್ವಲ್ಪ ದಿನ ತಡೆಯಿರಿ.

ನಮಸ್ಕಾರದ ವಿಷಯದಲ್ಲೂ ಇದನ್ನೇ ಹೇಳುತ್ತೇನೆ. ಕೆಲವರು ಉತ್ಸಾಹದಲ್ಲಿ ಮುಸ್ಲಿಮರಿಗೆ ಸಲಾಂ, ಕೊಂಕಣಿ ಕ್ರೈಸ್ತರಿಗೆ ಕೊಂಕಣಿಯಲ್ಲಿ ಶುಭ ದಿನ, ಉಳಿದವರಿಗೆ ನಮಸ್ಕಾರ ಅಂತ ಶುರು ಮಾಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಬಾಗಿಲಲ್ಲೇ ಜನರನ್ನು ವಿಂಗಡಿಸಿದ ಹಾಗಾಗುತ್ತದೆ. ಗಡ್ಡ ನೋಡಿ, ಶಿಲುಬೆ ನೋಡಿ, ಕುಂಕುಮ ನೋಡಿ ಮಾತು ಆರಿಸಿದ್ದು ಎದುರಿಗಿದ್ದವರಿಗೆ ತಕ್ಷಣ ತಿಳಿಯುತ್ತದೆ. ಎಲ್ಲರಿಗೂ ನಮಸ್ಕಾರ ಅನ್ನಿ. ಅವರೇ ಸಲಾಂ ಅಂದರೆ ಅವರ ಮಾತಿನಲ್ಲೇ ಉತ್ತರ ಕೊಡಿ. 1970ರ ದಶಕದಲ್ಲಿ ಹೊವರ್ಡ್ ಜೈಲ್ಸ್ ಎಂಬ ಮನಃಶಾಸ್ತ್ರಜ್ಞರು, ಮಾತಾಡುವಾಗ ಜನ ಹೇಗೆ ಒಬ್ಬರ ಉಚ್ಚಾರ, ವೇಗ, ಪದಗಳ ಕಡೆಗೆ ಇನ್ನೊಬ್ಬರು ವಾಲುತ್ತಾರೆ ಅಂತ ವಿವರಿಸಿದರು. ವಾಲಿದರೆ ಸಾಮಾನ್ಯವಾಗಿ ಇಷ್ಟವಾಗುತ್ತದೆ. ಜಾಸ್ತಿ ವಾಲಿದರೆ ಅಣಕಿಸಿದ ಹಾಗಾಗುತ್ತದೆ.

ಊಟದ ಮಾತಿಗೆ ಬರೋಣ. ನನಗೆ ತುಂಬ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆದರೂ ಸಹಿಸಿಕೊಳ್ಳಿ.

ನೀವು ‘ಊಟಾ ಆತ್ರೀ?’ ಅನ್ನುತ್ತೀರಿ. ಮೈಸೂರಿನವರು ‘ಊಟ ಆಯ್ತಾ?’ ಅನ್ನುತ್ತಾರೆ. ತುಳುವರು ‘ಒಣಸ್ ಆಂಡಾ?’ ಅಂತ ಕೇಳುತ್ತಾರೆ. ಮರಾಠಿಯಲ್ಲಿ ‘ಜೇವಣ ಝಾಲಂ ಕಾ?’, ತಮಿಳಿನಲ್ಲಿ ‘ಸಾಪ್ಟೀಂಗಳಾ?’. ಕೊಂಕಣಿ, ತೆಲುಗು, ಮಲಯಾಳ, ದಖ್ಖನಿ ಎಲ್ಲದರಲ್ಲೂ ಈ ಪ್ರಶ್ನೆ ಇದೆ. ಕೆಲವು ದ್ರಾವಿಡ, ಕೆಲವು ಆ ಗುಂಪಿನವಲ್ಲ. ಆದರೂ ದಕ್ಷಿಣದಲ್ಲಿ ಮಧ್ಯಾಹ್ನದ ಹೊತ್ತಿಗೆ ಒಬ್ಬರು ಸಿಕ್ಕರೆ ಬಾಯಿಗೆ ಬರುವ ಪ್ರಶ್ನೆ ಒಂದೇ. ಮಾನವಶಾಸ್ತ್ರಜ್ಞ ಮಲಿನೋವ್ಸ್ಕಿ 1923ರಲ್ಲಿ ಇಂಥ ಮಾತಿನ ಬಗ್ಗೆ ಬರೆದಿದ್ದಾರೆ. ಸುದ್ದಿ ತಿಳಿಯುವುದು ಇದರ ಉದ್ದೇಶವಲ್ಲ, ‘ನಾನು ನಿಮ್ಮ ಜೊತೆ ಇದ್ದೇನೆ’ ಅಂತ ತಿಳಿಸುವುದಷ್ಟೇ ಉದ್ದೇಶ ಅಂತ. ‘ಊಟ ಆಯ್ತಾ’ ಅಂದವರು ನಿಮ್ಮನ್ನು ಊಟಕ್ಕೆ ಕರೆಯುತ್ತಿಲ್ಲ. ಕೇಳಿದವರಿಗೂ ಗೊತ್ತು, ಉತ್ತರ ಕೊಟ್ಟವರಿಗೂ ಗೊತ್ತು.

ಆದರೆ ಈ ಪ್ರಶ್ನೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಬೇಕು. ‘ಊಟ ಆಯ್ತಾ?’ ಸರಿ. ‘ಏನ್ ಊಟ?’ ಅಂದರೆ ಕರ್ನಾಟಕದಲ್ಲಿ ಅದು ಬೇರೆಯೇ ಪ್ರಶ್ನೆಯಾಗುತ್ತದೆ. ಏನು ತಿಂದಿರಿ ಅಂತ ಕೇಳಿ ಜಾತಿ ಅಳೆಯುವ ಕಲೆ ನಮ್ಮಲ್ಲಿ ಚೆನ್ನಾಗಿ ಬೆಳೆದಿದೆ. ‘ನಿಮ್ಮ ಊರು ಯಾವುದು?’ ಸರಿ. ಅದರ ಹಿಂದೆಯೇ ‘ಆ ಊರಲ್ಲಿ ಯಾವ ಕೇರಿ?’, ‘ನಿಮ್ಮ ಅಡ್ಡಹೆಸರು ಏನು?’ ಅಂತ ಬಂದರೆ ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಎದುರಿಗಿದ್ದವರಿಗೆ ಗೊತ್ತಾಗುತ್ತದೆ. ಬಾಡಿಗೆ ಮನೆ ಹುಡುಕಿದ ಯಾರನ್ನಾದರೂ ಕೇಳಿ ನೋಡಿ. ‘ನೀವು ವೆಜ್ಜಾ?’ ಅನ್ನುವ ಒಂದು ಪ್ರಶ್ನೆಗೆ ಎಷ್ಟು ಬಾಗಿಲು ಮುಚ್ಚಿವೆ ಅಂತ ಹೇಳುತ್ತಾರೆ. ಹೌದು ಅಥವಾ ಇಲ್ಲ ಅಂತ ಉತ್ತರ ಕೊಟ್ಟು ಸುಮ್ಮನಾಗಬಹುದಾದ ಪ್ರಶ್ನೆ ಹಗುರ. ತನ್ನ ಬಗ್ಗೆ ಏನನ್ನೋ ಬಿಚ್ಚಿಡಲೇಬೇಕು ಅನ್ನಿಸುವ ಪ್ರಶ್ನೆ ಭಾರ.

ಈಗ ‘ನಾವೆಲ್ಲ ಒಂದೇ’. ಇದನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಇದನ್ನು ಜೋರಾಗಿ ಹೇಳುವವರು ಯಾವಾಗಲೂ ಸಂಖ್ಯೆಯಲ್ಲೋ ಅಧಿಕಾರದಲ್ಲೋ ಜಾಸ್ತಿ ಇರುವವರು. ಒಂದೇ ಅಂದಾಗ ಯಾರ ಹಾಗೆ ಒಂದೇ ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ತುಳುವಿನಲ್ಲಿ ಇದನ್ನು ಮುಚ್ಚಿಡಲು ಆಗುವುದಿಲ್ಲ. ಅಲ್ಲಿ ‘ನಾವು’ ಅನ್ನಲು ಎರಡು ಪದ. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಬಿಟ್ಟು ನಮ್ಮವರಷ್ಟೇ ಆದರೆ ‘ಎಂಕುಲು’. ತಮಿಳು, ತೆಲುಗು, ಮಲಯಾಳ, ಮರಾಠಿಗಳಲ್ಲೂ ಈ ವ್ಯತ್ಯಾಸ ಇದೆ. ನಾವು ಇವತ್ತು ಆಡುವ ಕನ್ನಡದಲ್ಲಿ ಇಲ್ಲ. ನಮ್ಮ ‘ನಾವು’ ಒಳಗೆ ನೀವು ಇದ್ದೀರೋ ಇಲ್ಲವೋ ಅಂತ ಪದದಿಂದ ಹೇಳಲಾಗದು, ಮುಖ ನೋಡಿ ಊಹಿಸಬೇಕು. ಹಾಗಾಗಿ ಕನ್ನಡದಲ್ಲಿ ‘ನಾವು ಹಬ್ಬ ಮಾಡ್ತೀವಿ’, ‘ನಮ್ಮ ಕಡೆ ಹೀಗೆ’ ಅನ್ನುವಾಗ ಸ್ವಲ್ಪ ಹುಷಾರು ಬೇಕು. ‘ಈ ಸಲ ನಾವು ಶಾಖೆಯಲ್ಲಿ ಆಯುಧಪೂಜೆ ಮಾಡ್ತೀವಿ’ ಅಂದಾಗ ಪಕ್ಕದ ಮೇಜಿನ ಸಹೋದ್ಯೋಗಿ ಅದರಲ್ಲಿ ಇದ್ದಾರಾ? ‘ನೀವೂ ಬರ್ತೀರಾ?’ ಅಂತ ಒಂದು ಮಾತು ಸೇರಿಸಿದರೆ ಕೊರತೆ ತುಂಬುತ್ತದೆ. ಬರುವುದಿಲ್ಲ ಅಂದರೂ ಬೇಸರಪಡಬೇಡಿ, ಕೇಳಿದ್ದೇ ಅದಕ್ಕೆ.

ಒಂದೇ ಆಗದೆ ಜೊತೆಗಿರುವುದು ಹೇಗೆ ಅನ್ನುವುದಕ್ಕೆ ನಾನು ಪಾಠದಲ್ಲಿ ಯಾವಾಗಲೂ ಹೇಳುತ್ತಿದ್ದ ಊರು ಕುಪ್ವಾಡ. ನಿಮ್ಮ ಧಾರವಾಡಕ್ಕೆ ತೀರಾ ದೂರವಲ್ಲ, ಗಡಿಯಾಚೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಲ್ಲಿಯ ಮಾತನ್ನು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಆಗ ಅಲ್ಲಿ ಜಮೀನುದಾರ ಜೈನರ ಮನೆಮಾತು ಕನ್ನಡ, ಲಿಂಗಾಯತರದ್ದೂ ಕನ್ನಡ. ಮುಸ್ಲಿಮರದ್ದು ಉರ್ದು. ಭೂಮಿ ಇಲ್ಲದ ದಲಿತರದ್ದು ಮರಾಠಿ. ಹಗ್ಗ ಹೊಸೆಯುವ ಕೆಲವು ಮನೆಗಳದ್ದು ತೆಲುಗು. ಊರಿನ ಗಂಡಸರಿಗೆ ಎರಡು ಮೂರು ಭಾಷೆ ಬರುವುದು ಮಾಮೂಲು.

ಶತಮಾನಗಳ ಕಾಲ ಹೀಗೆ ಒಟ್ಟಿಗೆ ಬದುಕಿ ಏನಾಯಿತು? ಭಾಷೆಗಳು ಕರಗಿ ಒಂದಾಗಲಿಲ್ಲ. ಪದಗಳು ಅವರವರದ್ದೇ ಉಳಿದವು. ಆದರೆ ವಾಕ್ಯ ಕಟ್ಟುವ ರೀತಿ ಒಂದೇ ಆಯಿತು. ‘ಒಂದಿಷ್ಟು ಸೊಪ್ಪು ಕೊಯ್ದು ತಂದೆ’ ಅನ್ನುವಂಥ ಮಾತನ್ನು ಅಲ್ಲಿಯ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಪಕ್ಕಪಕ್ಕ ಬರೆದರೆ ಪದಕ್ಕೆ ಪದ ಎದುರಾಗಿ ಕೂರುತ್ತದೆ. ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರೆ ಸಾಕು. ಮನೆಯ ಮಾತು ಮನೆಯಲ್ಲಿ ಗಟ್ಟಿಯಾಗಿ ಉಳಿಯಿತು, ಯಾಕೆಂದರೆ ಅದು ಅವರ ಗುರುತು. ಬೀದಿಯಲ್ಲಿ, ಕೆಲಸದಲ್ಲಿ ದಿನಾ ಒಬ್ಬರನ್ನೊಬ್ಬರು ಅರ್ಥಮಾಡಿಕೊಳ್ಳಬೇಕಲ್ಲ, ಅದಕ್ಕಾಗಿ ಒಳಗಿನ ಕಟ್ಟಡ ಸಲೀಸಾಯಿತು. ಬೇರೆ ಬೇರೆ ಗುಂಪಿನವರು ಸೇರಿದಾಗ ಹೆಚ್ಚಾಗಿ ಆಡುತ್ತಿದ್ದದ್ದು ಮರಾಠಿ. ಊರಿನ ಎರಡು ದೊಡ್ಡ ಗುಂಪುಗಳಾದ ಜೈನರಿಗೂ ಮುಸ್ಲಿಮರಿಗೂ ಅದು ಮನೆಮಾತಲ್ಲ, ಹಾಗಾಗಿ ಇಬ್ಬರಿಗೂ ಸೋತ ಹಾಗಾಗಲಿಲ್ಲ. ಆ ಊರು ಸ್ವರ್ಗವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಜಾತಿಯ ಗೆರೆಗಳು ಗಟ್ಟಿಯಾಗಿದ್ದದ್ದರಿಂದಲೇ ಮನೆಮಾತುಗಳೂ ಅಷ್ಟು ಬೇರೆಯಾಗಿ ಉಳಿದದ್ದು. ಅದನ್ನೂ ನೆನಪಿಡಬೇಕು.

ಕೌಂಟರಿಗೆ ವಾಪಸ್ ಬರೋಣ. ಬ್ಯಾಂಕಿನಲ್ಲಿ ದಿನಾ ಬರುವ ಕೆಲವು ಸಂದರ್ಭಗಳನ್ನು ನೋಡಿ.

ಸಹಿ. ವಯಸ್ಸಾದವರು, ಸೀರೆಯ ಸೆರಗು ಹೊದ್ದವರು, ಅಂಗಿಗೆ ಮಣ್ಣು ಮೆತ್ತಿದವರು ಬಂದ ತಕ್ಷಣ ಇಂಕ್ ಪ್ಯಾಡ್ ಮುಂದೆ ತಳ್ಳುವ ಅಭ್ಯಾಸ ಬಹಳ ಜನರಿಗೆ ಇದೆ. ‘ಹೆಬ್ಬೆಟ್ಟು’ ಅನ್ನುವುದು ನಮ್ಮಲ್ಲಿ ಬೈಗುಳ ಕೂಡ. ‘ಸಹಿ ಹಾಕ್ತೀರಾ, ಬೆರಳೊತ್ತುತ್ತೀರಾ?’ ಅಂತ ಕೇಳಿ. ಎರಡು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಅಕ್ಷರ ಕಲಿತು ಸಹಿ ಹಾಕಲು ಬಂದ ಹೆಂಗಸಿಗೆ ಆ ಪ್ರಶ್ನೆ ಎಷ್ಟು ಬೆಲೆಬಾಳುತ್ತದೆ ಅಂತ ಅವರ ಪೆನ್ನು ಹಿಡಿಯುವ ರೀತಿಯಲ್ಲೇ ಕಾಣುತ್ತದೆ.

ಹೆಸರು. ದಾಖಲೆಯಲ್ಲಿ ಇಂಗ್ಲಿಷಿನಲ್ಲಿ ಹೇಗೋ ಇರುತ್ತದೆ, ಕರೆಯುವಾಗ ಹೇಗೋ ಆಗುತ್ತದೆ. ‘ಹೆಸರು ಹೀಗೇ ಹೇಳೋದಾ?’ ಅಂತ ಒಮ್ಮೆ ಕೇಳಿ ತಿದ್ದಿಸಿಕೊಳ್ಳಿ.

‘ನಾಳೆ ಬನ್ನಿ’. ಕನ್ನಡದ ಆಫೀಸುಗಳಲ್ಲಿ ಇದಕ್ಕಿಂತ ದೂರ ಮಾಡುವ ಮಾತು ಇನ್ನೊಂದಿಲ್ಲ. ಸರ್ವರ್ ಡೌನ್ ಇದ್ದರೆ ಸರ್ವರ್ ಡೌನ್ ಅನ್ನಿ, ಕೆವೈಸಿಗೆ ಒಂದು ಕಾಗದ ಕಡಿಮೆ ಇದ್ದರೆ ಅದನ್ನು ಅವರ ಚೀಟಿಯ ಹಿಂದೆ ಬರೆದುಕೊಡಿ. ಕಾರಣ ಹೇಳದೆ ಕಳಿಸಿದರೆ ಆ ಜಾಗವನ್ನು ಎದುರಿಗಿದ್ದವರು ತಾವೇ ತುಂಬಿಕೊಳ್ಳುತ್ತಾರೆ. ‘ನಾನು ಬ್ಯಾರಿ ಅಂತ ಹೀಗೆ’, ‘ನಾನು ಬಡವ ಅಂತ ಹೀಗೆ’. ನಿಮ್ಮ ಮನಸ್ಸಿನಲ್ಲಿ ಹಾಗೇನೂ ಇಲ್ಲದಿದ್ದರೂ ಅವರಿಗೆ ಬೇರೆ ಕಡೆ ಆದ ಅನುಭವ ಹಾಗೆ ಹೇಳಿಸುತ್ತದೆ. ಒಂದು ಪುಟ್ಟ ‘ಯಾಕಂದ್ರೆ’ ಸಾಕು ಇದನ್ನು ತಡೆಯಲು.

ಎಲ್ಲಕ್ಕಿಂತ ಕಷ್ಟದ್ದು ಸಾವು. ಗಂಡನನ್ನು ಕಳೆದುಕೊಂಡವರು ಖಾತೆಯ ಹಣಕ್ಕಾಗಿ ಬರುತ್ತಾರೆ. ಬೇರೆ ಧರ್ಮದವರಾದರೆ ನಾವು ಇನ್ನೂ ತಡವರಿಸುತ್ತೇವೆ. ಅವರಲ್ಲಿ ಏನು ಹೇಳುತ್ತಾರೋ, ನಾವು ಹೇಳಿದ್ದು ತಪ್ಪಾದರೆ ಏನು ಮಾಡುವುದು ಅಂತ. ಆ ಭಯಕ್ಕೆ ಕಾಗದದ ಹಿಂದೆ ಅಡಗುತ್ತೇವೆ: ‘ಡೆತ್ ಸರ್ಟಿಫಿಕೇಟ್ ತಂದಿದ್ದೀರಾ?’ ಅದೇ ಅವರು ನಿಮ್ಮ ಬಾಯಿಂದ ಕೇಳುವ ಮೊದಲ ಮಾತಾಗುತ್ತದೆ. ಸರ್ಟಿಫಿಕೇಟ್ ಬೇಕು, ನಿಜ. ಎರಡನೆಯ ಮಾತಾಗಿ ಕೇಳಬಹುದು. ಮೊದಲು ‘ಕೂತ್ಕೊಳ್ಳಿ’. ಆಮೇಲೆ, ಸತ್ತವರನ್ನು ನೀವು ನೋಡಿದ್ದರೆ, ನೋಡಿದ್ದನ್ನು ಹೇಳಿ: ‘ಪ್ರತಿ ತಿಂಗಳು ಪಿಂಚಣಿಗೆ ಬರುತ್ತಿದ್ದರು, ಆ ಕಿಟಕಿ ಹತ್ತಿರ ಕೂರುತ್ತಿದ್ದರು.’ ಯಾವ ಧರ್ಮದವರಿಗೂ ಇದು ತಪ್ಪಾಗುವುದಿಲ್ಲ. ದೇವರು, ಸ್ವರ್ಗ, ವಿಧಿ ಯಾವುದನ್ನೂ ತರಬೇಡಿ, ಅವರವರ ದೇವರ ಜೊತೆ ಅವರೇ ಮಾತಾಡಿಕೊಳ್ಳುತ್ತಾರೆ. ‘ಏನಾದ್ರೂ ಬೇಕಿದ್ರೆ ಹೇಳಿ’ ಅನ್ನುವುದಕ್ಕಿಂತ ‘ಈ ಫಾರಂ ನಾನು ತುಂಬಿಕೊಡ್ತೀನಿ’ ಮೇಲು. ಬೇಕಾದ್ದನ್ನು ಯೋಚಿಸಿ ಕೇಳುವ ಕೆಲಸವನ್ನೂ ದುಃಖದಲ್ಲಿರುವವರ ತ‍ಲೆಗೆ ಕಟ್ಟುವುದು ಬೇಡ.

ಆ ಅಜ್ಜಿ, ಮೊಮ್ಮಗ ಮತ್ತೆ ಬಂದರೆ ಏನು ಮಾಡಬೇಕು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ‘ಬೇಜಾರ್ ಮಾಡ್ಕೋಬೇಡಿ’ ಅನ್ನಬೇಡಿ. ಅದು ನಯವಾಗಿ ಕೇಳಿಸುತ್ತದೆ, ಆದರೆ ಅದರಲ್ಲಿ ಕೆಲಸ ಎದುರಿಗಿದ್ದವರಿಗೇ: ಬೇಜಾರು ನುಂಗಿಕೊಳ್ಳುವುದು ಅವರ ಜವಾಬ್ದಾರಿ. ‘ನಮ್ಮೂರಲ್ಲಿ ಅಮ್ಮನಿಗೆ ಹಾಗೇ ಕರೆಯೋದು’ ಅನ್ನುವ ವಿವರಣೆಯಿಂದಲೂ ಶುರು ಮಾಡಬೇಡಿ. ‘ಅವತ್ತು ನಾನು ಹಾಗೆ ಕರೆದದ್ದು ತಪ್ಪಾಯ್ತು ಅಮ್ಮ’ ಅಂತ ಅಜ್ಜಿಗೇ ಹೇಳಿ, ಹುಡುಗನಿಗಲ್ಲ. ಮಾತು ಆಡಿದ್ದು ಅವರ ಹತ್ತಿರ. ಆಮೇಲೆ ಅವರು ಕೇಳಿದರೆ ಧಾರವಾಡದ ಕತೆ ಹೇಳಬಹುದು. ಬಹಳ ಸಲ ಕೇಳುತ್ತಾರೆ.

ನಿಮ್ಮ ಮಾತು ಬಿಡಬೇಕಾ? ಖಂಡಿತ ಬೇಡ. ಬೇಂದ್ರೆಯವರ ಮನೆಮಾತು ಮರಾಠಿ, ಧಾರವಾಡದ ಆಡುಮಾತು ಅವರ ಕೈಯಲ್ಲಿ ಇಡೀ ಕನ್ನಡಕ್ಕೆ ಬೇಕಾದದ್ದಾಯಿತು. ಮಾಸ್ತಿಯವರ ಮನೆಮಾತು ತಮಿಳು, ನಿಸಾರ್ ಅಹಮದರದ್ದು ಉರ್ದು. ಕನ್ನಡ ಯಾವಾಗಲೂ ಹೀಗೆ ಹಲವು ಮನೆಗಳಿಂದ ಬಂದು ಸೇರಿದವರ ಮಾತು. ನೀವು ಬದಲಿಸಬೇಕಾದ್ದು ‘ನೀ’ ಒಂದನ್ನೇ. ನಿಮ್ಮ ‘ಹೌದ್ರೀ’, ‘ಬರ್ರೀ’, ‘ಆರಾಮ ಅದೀರೇನ್ರೀ’ ಇವುಗಳಲ್ಲಿ ಆ ‘ರೀ’ ಇದೆಯಲ್ಲ, ಅದು ಪ್ರತಿ ವಾಕ್ಯಕ್ಕೂ ಒಂದು ಮರ್ಯಾದೆ ಹೊಲಿದುಕೊಡುತ್ತದೆ. ಕರಾವಳಿಯ ಕನ್ನಡ ಶುದ್ಧವಾಗಿರುತ್ತದೆ, ಆದರೆ ಸ್ವಲ್ಪ ಪುಸ್ತಕದ ಕಡೆಗೆ. ನಿಮ್ಮ ‘ರೀ’ ಅವರಿಗೆ ಮೊದಲು ನಗು ತರಿಸುತ್ತದೆ, ಆಮೇಲೆ ಇಷ್ಟವಾಗುತ್ತದೆ. ನೀವು ಅವರ ‘ಎಂತ’, ‘ಉಂಟು’ಗಳನ್ನು ಬಲವಂತವಾಗಿ ಬಾಯಿಗೆ ಹಾಕಿಕೊಳ್ಳುವುದಕ್ಕಿಂತ ಇದು ಒಳ್ಳೆಯದು.

ತುಳು ಕಲಿಯಿರಿ, ಅದೂ ಬೇಗ ಶುರು ಮಾಡಿ. ಲಿಪಿಯ ಚಿಂತೆ ಬೇಡ, ಈಗ ತುಳುವನ್ನು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಮೊದಲಿಗೆ ‘ಎಂಚ ಉಲ್ಲರ್?’ (ಹೇಗಿದ್ದೀರಿ), ‘ಕುಲ್ಲುಲೆ’ (ಕೂತುಕೊಳ್ಳಿ), ‘ಇಜ್ಜಿ’ (ಇಲ್ಲ), ‘ಪೋದು ಬರ್ಪೆ’ (ಹೋಗಿ ಬರುತ್ತೇನೆ) ಸಾಕು. ತಪ್ಪು ಮಾತಾಡಿ, ತಿದ್ದಿಸಿಕೊಳ್ಳಿ. ಗ್ರಾಹಕರು ಮೇಷ್ಟರಾಗಿ ನೀವು ವಿದ್ಯಾರ್ಥಿಯಾದ ಕ್ಷಣದಲ್ಲಿ ಕೌಂಟರಿನ ಎತ್ತರ ಇಳಿಯುತ್ತದೆ. ಇದಕ್ಕೆ ಒಂದು ಜೋಡಿ ಸಲಹೆ: ಕನ್ನಡ ಅರ್ಧಂಬರ್ಧ ಬರುವವರು, ಮಲಯಾಳಿಗಳೋ ಬಿಹಾರದ ಕೂಲಿಯವರೋ, ಕನ್ನಡದಲ್ಲಿ ಶುರು ಮಾಡಿದರೆ ತಕ್ಷಣ ಹಿಂದಿಗೋ ಇಂಗ್ಲಿಷಿಗೋ ಹಾರಬೇಡಿ. ನಾವು ಕನ್ನಡಿಗರು ಇದರಲ್ಲಿ ಬಹಳ ಆತುರದವರು. ಅವರ ಕಷ್ಟ ತಪ್ಪಿಸಿದೆವು ಅಂದುಕೊಳ್ಳುತ್ತೇವೆ, ಅವರಿಗೆ ‘ನಿನ್ನ ಕನ್ನಡ ಬೇಡ’ ಅಂತ ಕೇಳಿಸುತ್ತದೆ. ನಿಧಾನಕ್ಕೆ ಕನ್ನಡದಲ್ಲೇ ಹೇಳಿ. ಅವರು ಬಿಟ್ಟರೆ ಮಾತ್ರ ನೀವೂ ಬಿಡಿ.

ಕೊನೆಯದಾಗಿ, ನಿಮ್ಮ ಕೆಲಸಕ್ಕೆ ನನಗಿಂತ ಒಳ್ಳೆಯ ಮೇಷ್ಟರು ನಿಮ್ಮ ಊರಲ್ಲೇ ಇರಬಹುದು. ನೀವಿರುವ ಕರಾವಳಿ ಬ್ಯಾಂಕುಗಳ ತವರು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆ ಕಟ್ಟಿದರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆದದ್ದನ್ನು ಕಟ್ಟಿದರು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ ಆದರೂ ಸರಿ, ಮನೆ ಬಾಗಿಲಿಗೇ ಬಂದು ಸಂಗ್ರಹಿಸುವ ಯೋಜನೆ. ಆ ಬ್ಯಾಂಕುಗಳಲ್ಲಿ ಕೆಲವು ಈಗ ಬೇರೆಯವುಗಳಲ್ಲಿ ಸೇರಿಹೋಗಿವೆ. ಪಿಗ್ಮಿ ಮಾತ್ರ ಸೊಸೈಟಿಗಳಲ್ಲಿ, ಕೆಲವು ಬ್ಯಾಂಕುಗಳಲ್ಲಿ ಇನ್ನೂ ಓಡುತ್ತಿದೆ. ಪಿಗ್ಮಿ ಸಂಗ್ರಹಿಸುವವರು ಒಂದೇ ಸಂಜೆಯಲ್ಲಿ ಮೀನಿನ ಅಂಗಡಿ, ಹೂವಿನ ಅಂಗಡಿ, ಬೇಕರಿ, ಗ್ಯಾರೇಜ್, ಸೆಲೂನು ಎಲ್ಲ ತಿರುಗುತ್ತಾರೆ. ಒಂದೊಂದು ಕಡೆ ಒಂದೊಂದು ಭಾಷೆ. ಯಾರಿಗೆ ‘ಈರ್’, ಯಾರಿಗೆ ‘ಅಕ್ಕ’, ಯಾರ ಹತ್ತಿರ ಇವತ್ತು ದುಡ್ಡು ಕೇಳಲೇಬಾರದು ಅನ್ನುವುದು ಅವರಿಗೆ ಬಾಯಿಪಾಠ. ಅವರಿಗೆ ಅಧಿಕಾರವೂ ಇಲ್ಲ, ಮೇಜೂ ಇಲ್ಲ. ಜನ ದಿನಾ ದುಡ್ಡು ಕೊಡುವುದು ಅವರ ಮಾತಿನ ಮೇಲಿನ ನಂಬಿಕೆಯಿಂದ.

ಅಂಥವರು ಯಾರಾದರೂ ನಿಮ್ಮ ಊರಲ್ಲಿ ಇದ್ದರೆ, ರಜೆಯ ದಿನ ಒಂದು ಸಂಜೆ ಅವರ ಜೊತೆ ತಿರುಗಲು ಬರಬಹುದಾ ಅಂತ ಕೇಳಿ ನೋಡಿ. ಒಪ್ಪಿದರೆ ನೀವು ಬಾಯಿ ಬಿಡಬೇಡಿ, ಚೀಲ ಹಿಡಿದುಕೊಂಡು ಹಿಂದೆ ನಡೆಯಿರಿ. ಅಂಗಡಿಯವರು ‘ಇವರು ಯಾರು?’ ಅಂತ ಕೇಳಿದರೆ ಅವರೇ ಪರಿಚಯ ಮಾಡಿಕೊಡುತ್ತಾರೆ. ಸೋಮವಾರ ಕೌಂಟರಿಗೆ ಬರುವವರಲ್ಲಿ ಕೆಲವರಿಗಾದರೂ ನಿಮ್ಮ ಮುಖ ಗುರುತಿರುತ್ತದೆ.